ಕೊಳವೆಯೊಳಗಿನ ಕದ

ಕೊಸ್ತನಾಯ್ ಊರಿನ ನಮ್ಮ ಹಿಟ್ಟಿನ ಗಿರಣಿಗೆ ಚೀಲ ಹೊಲಿಯಲು ಬರುವ ಮೊದಲು ಕುಲ್ಯಾಶಕ್ಕ ಇನ್ನೊಂದು ಗಿರಣಿಯಲ್ಲಿದ್ದಳು. ಅಲ್ಲಿ ಹೊರಗೆ ಗಾಳಿ ಸೋಸುವ ಫಿಲ್ಟರಿನಲ್ಲಿ ಹಿಟ್ಟಿನ ದೂಳಿಗೆ ಕಿಡಿ ತಗುಲಿ, ದೂಳೆಳೆಯುವ ಕೊಳವೆಯೊಳಗೇ ಬೆಂಕಿ ಹಿಂದಕ್ಕೆ ಓಡಿಬಂದು, ಹೆಂಗಸರು ಕೆಲಸ ಮಾಡುತ್ತಿದ್ದ ಕೋಣೆಗೆ ನುಗ್ಗಿತ್ತು. ಅವಳು ಉಳಿದಳು. ಪಕ್ಕದಲ್ಲಿ ಹೊಲಿಯುತ್ತಿದ್ದ ರೈಸಾ ಉಳಿಯಲಿಲ್ಲ.

ನಮ್ಮ ಗಿರಣಿಯ ಕೊಳವೆಯಲ್ಲಿ ಒಂದು ಉಕ್ಕಿನ ಕದವಿತ್ತು. ಫ್ಯಾನ್ ಓಡುವಾಗ ಗಾಳಿಯ ಸೆಳೆತಕ್ಕೆ ತೆರೆದುಕೊಂಡಿರುತ್ತಿತ್ತು, ಫ್ಯಾನ್ ನಿಂತ ಕೂಡಲೇ ಧಡ್ ಎಂದು ಬೀಳುತ್ತಿತ್ತು. ಆ ಸದ್ದಿಗೆ ಕುಲ್ಯಾಶಕ್ಕನ ಮುಖ ಬಿಳಿಚಿಕೊಳ್ಳುತ್ತಿತ್ತು. ಕೊನೆಗೊಮ್ಮೆ ಮೆಕ್ಯಾನಿಕ್ ಮೆಯ್ರಾಮ್‌ನನ್ನು ತಡೆದು ನಿಲ್ಲಿಸಿದಳು.

"ತಮ್ಮಾ, ಆ ಕದಾನ ತಂತಿ ಹಾಕಿ ಮೇಲಕ್ಕೆ ಕಟ್ಟಿಬಿಡಪ್ಪ. ಒಂದಿನ ಅದರ ಸದ್ದಿಗೇ ನನ್ನ ಜೀವ ಹೋಗತ್ತೆ."

"ಕಟ್ಟಿದ್ರೆ ನಮ್ಮೆಲ್ರದೂ ಹೋಗತ್ತಕ್ಕ. ಬನ್ನಿ, ನೋಡಿ."

ಫ್ಯಾನ್ ನಿಲ್ಲಿಸಿ, ಕೊಳವೆಯ ಮುಚ್ಚಳ ಬಿಚ್ಚಿ, ಅವಳ ಕೈಯಿಂದಲೇ ಕದ ತಳ್ಳಿಸಿದ. "ಫಿಲ್ಟರ್ ಕಡೆ ಹೋಗೋ ಗಾಳಿಗೆ ದಾರಿ ಬಿಡತ್ತೆ. ಅಲ್ಲಿ ಏನಾದ್ರೂ ಸಿಡೀತು ಅಂದ್ರೆ, ಬೆಂಕಿಗಿಂತ ಮೊದಲು ಗಾಳಿ ಹಿಂದಕ್ಕೆ ನುಗ್ಗತ್ತಲ್ಲ, ಅದೇ ಇದನ್ನ ತಳ್ಳಿ ಮುಚ್ಚತ್ತೆ. ಮತ್ತೆ ತೆರ್ಕೊಳ್ಳದ ಹಾಗೆ ಕೊಂಡೀನೂ ಬೀಳತ್ತೆ."

ಅವಳು ಬಹಳ ಹೊತ್ತು ಕದವನ್ನು ಮುಟ್ಟುತ್ತಲೇ ನಿಂತಳು. "ಆ ಗಿರಣೀಲಿ ಇದಿರಲಿಲ್ಲ," ಎಂದಳು.

ಮೆಯ್ರಾಮ್ ಕದದ ಅಂಚಿಗೆ ಮೆತ್ತಿದ್ದ ಹಿಟ್ಟನ್ನು ಒರೆಸತೊಡಗಿದ. ಅವಳೂ ಒಂದು ಬಟ್ಟೆ ತೆಗೆದುಕೊಂಡಳು. ಆಮೇಲೆ ಅವನು ಅದನ್ನು ಒರೆಸುವಾಗಲೆಲ್ಲ ಅವಳೂ ಜೊತೆಗಿರುತ್ತಿದ್ದಳು. "ಮನೇಲೂ ಹಿಂಗೇ ಒರೆಸಿದ್ರೆ ಸೊಸೆ ನಿಮ್ಮನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತಾಳೆ," ಎಂದು ಜೊತೆಗೆ ಚೀಲ ಹೊಲಿಯುತ್ತಿದ್ದ ನಾವು ರೇಗಿಸುತ್ತಿದ್ದೆವು.

ಚಳಿಗಾಲದ ಒಂದು ಬೆಳಿಗ್ಗೆ ಹೊರಗೆ ಗುಡುಗಿದಂತಾಯಿತು. ಕಿಟಕಿಗಳು ನಡುಗಿದವು. ಕುಲ್ಯಾಶಕ್ಕ ನನ್ನ ತೋಳು ಹಿಡಿದು ಮೇಜಿನ ಕೆಳಗೆ ಎಳೆದುಕೊಂಡಳು. ಬೆಂಕಿ ಬರುತ್ತದೆಂದು ಕಣ್ಣು ಮುಚ್ಚಿ ಕಾದೆವು. ಏನೂ ಬರಲಿಲ್ಲ. ಮೇಲಿಂದ ಒಂದಿಷ್ಟು ಹಿಟ್ಟು ಮಾತ್ರ ಉದುರಿತು.

ಅಂಗಳಕ್ಕೆ ಓಡಿದೆವು. ಫಿಲ್ಟರಿನ ಒಂದು ಬದಿಯ ತೆಳು ತಗಡು ಹರಿದು, ಹೊಗೆ ಆಕಾಶಕ್ಕೆ ಹೋಗುತ್ತಿತ್ತು. ಮೆಯ್ರಾಮ್ ಏದುಸಿರು ಬಿಡುತ್ತ ಬಂದ.

"ಕದ?" ಎಂದಳು ಕುಲ್ಯಾಶಕ್ಕ.

"ಮುಚ್ಕೊಂಡಿದೆ ಅಕ್ಕ. ಕೊಂಡಿ ಬಿದ್ದಿದೆ."

ಅವಳು ಹಿಮದ ಮೇಲೇ ಕುಳಿತು, ರೈಸಾಳ ಹೆಸರು ಹೇಳಿ ಅತ್ತಳು. ಅವಳು ಅತ್ತದ್ದನ್ನು ನಾವು ಅದುವರೆಗೆ ನೋಡಿರಲಿಲ್ಲ.

ಹೊಸ ಫಿಲ್ಟರ್ ಬಂದ ಮೇಲೆ ಗಿರಣಿ ಮತ್ತೆ ತೆರೆಯಿತು. ನಾನು ಹೋಗಲಿಲ್ಲ, ಹೆದರಿಕೆ. ಕುಲ್ಯಾಶಕ್ಕ ನಮ್ಮನೆಗೇ ಬಂದಳು. ಹಾಲು ಬೆರೆಸಿದ ಚಹಾ ಕುಡಿದಳು, ಎಣ್ಣೆಯಲ್ಲಿ ಕರಿದ ಬೌರ್ಸಾಕ್ ತಿಂದಳು, ನನ್ನ ಬೂಟುಗಳನ್ನು ತಂದು ಕಾಲ ಹತ್ತಿರ ಇಟ್ಟಳು.

"ಹೆದರಬೇಡ ಅಂತ ಹೇಳೋಕೆ ಬಂದಿಲ್ಲ ಕಣೇ. ನಂಗೂ ಹೆದರಿಕೆ ಇದೆ. ಒಟ್ಟಿಗೆ ಹೋಗೋಣ, ಏಳು."

ಎದ್ದೆ.