ಕೈಕೆಲಸದ ಆಂಪ್

ಇರ್ವಿನ್ ಸುಳ್ಳು ಹೇಳಿದವನಲ್ಲ. ಊರು ಹೇಳಿತು, ಅವನು ಸುಮ್ಮನಿದ್ದ, ಅಷ್ಟೇ. ಎರಡು ವರ್ಷದಿಂದ ಈ ಒಂದು ಸಮಾಧಾನವನ್ನು ಹಾಸಿಕೊಂಡು ಹೊದ್ದುಕೊಂಡು ಅವನು ಬದುಕಿದ್ದ.

ಫಳ್ನೀರಿನಲ್ಲಿ ಒಂದು ಕ್ಲಿನಿಕ್ಕಿನ ಹಿಂದೆ ಅವನ ಮನೆ, ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪು. ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ವಾಲ್ವ್ ಆಂಪ್ ಕಟ್ಟುವುದು ಅವನ ಕಸುಬು. ಗಾಜಿನ ವಾಲ್ವ್ ಕೆಂಪಗೆ ಉರಿಯುವ, ಎತ್ತಿದರೆ ಸೊಂಟ ಹಿಡಿದುಕೊಳ್ಳುವ ಹಳೇ ಕಾಲದ ಪೆಟ್ಟಿಗೆ ಅದು. ಕಾರ್ಖಾನೆಯ ಆಂಪಿನ ಒಳಗೆ ಹಸಿರು ಬೋರ್ಡ್ ಇರುತ್ತದೆ, ತಂತಿಯ ಬದಲು ತಾಮ್ರದ ಗೆರೆ ಅಚ್ಚಾಗಿರುತ್ತದೆ. ಇರ್ವಿನನ ಆಂಪಿನಲ್ಲಿ ಅದೆಲ್ಲ ಇಲ್ಲ. ಒಂದೊಂದು ತಂತಿಯನ್ನೂ ಅಳೆದು, ಬಗ್ಗಿಸಿ, ಕೈಯಿಂದಲೇ ಬೆಸುಗೆ ಹಾಕಿದ್ದು. ಉಡುಪಿಯಿಂದ, ಕಾಸರಗೋಡಿನಿಂದ ಜನ ಹುಡುಕಿಕೊಂಡು ಬರುತ್ತಿದ್ದದ್ದು ಆ ಕೈಗಾಗಿ.

ಆ ಕೈಯೇ ನಡುಗಲು ಶುರುವಾಯಿತು. ಮೊದಲು ಬೆಸುಗೆಯ ಒಂದು ಹನಿ ತೊಡೆಯ ಮೇಲೆ ಬಿತ್ತು. ಆಮೇಲೆ ತಂತಿ ತೂತಿಗೆ ಹೋಗದೆ ಅಕ್ಕಪಕ್ಕ ಕುಟ್ಟತೊಡಗಿತು. ಅವನ ಹೆಂಡತಿ ಡೈಸಿ ನರ್ಸು, ಅವಳ ಕಣ್ಣು ತಪ್ಪಿಸುವುದುಂಟೇ? "ಕೈಯನ್ನು ಒಮ್ಮೆ ಡಾಕ್ಟರಿಗೆ ತೋರಿಸುವ, ಬನ್ನಿ" ಅಂದಳು. "ನಾಡಿದ್ದು ಹೋಗುವ" ಅಂದ. ಆ ನಾಡಿದ್ದು ಇನ್ನೂ ಬಂದಿಲ್ಲ. ಬದಲಿಗೆ ತನ್ನ ಸರ್ಕಿಟನ್ನು ಕಂಪ್ಯೂಟರಿನಲ್ಲಿ ಬರೆದು ಹೊರಗೂರಿನ ಕಾರ್ಖಾನೆಗೆ ಕಳಿಸಿದ. ಪಾರ್ಟ್ಸ್ ಕೂರಿಸಿದ ಬೋರ್ಡ್ ಕೊರಿಯರಿನಲ್ಲಿ ಬಂತು. ಅದಕ್ಕೆ ತನ್ನ ಟ್ರಾನ್ಸ್‌ಫಾರ್ಮರ್, ತನ್ನ ಸ್ಪೀಕರ್, ತನ್ನ ಮರದ ಪೆಟ್ಟಿಗೆ ಸೇರಿಸಿದ. ಹಾಗೆ ಮಾಡಿದ ಮೊದಲನೆಯದ್ದು ಸೆಡ್ರಿಕನ ಆಂಪ್.

ಸೆಡ್ರಿಕ್ ಅಂದರೆ ಬಿಕರ್ನಕಟ್ಟೆಯಲ್ಲಿ ಗಿಟಾರ್ ಕ್ಲಾಸು ನಡೆಸುವವನು, ಮದುವೆಗಳಿಗೆ ಬ್ಯಾಂಡ್ ಕಟ್ಟಿದವನು. ಆಂಪ್ ಕೊಡುವಾಗ ಹೇಳಿಯೇ ಬಿಡಬೇಕೆಂದು ಇರ್ವಿನ್ ಗಂಟಲು ಸರಿಮಾಡಿಕೊಂಡಿದ್ದ. ಅಷ್ಟರಲ್ಲಿ ಸೆಡ್ರಿಕ್ ಗಿಟಾರಿನ ವಯರನ್ನು ಆಂಪಿಗೆ ಚುಚ್ಚಿ, ಒಂದು ತಂತಿ ಮೀಟಿ, ಕಣ್ಣು ಮುಚ್ಚಿಬಿಟ್ಟ. "ಇದಲ್ವಾ ಮಾರಾಯ, ಕೈಕೆಲಸ ಅಂದ್ರೆ!"

ಅಯ್ಯೋ ಪುಣ್ಯಾತ್ಮ, ಆಗಲೇ ಬಾಯಿ ಬಿಟ್ಟಿದ್ದರೆ ಎಂಟು ದಿನದ ಮಾತಾಗಿ ಮುಗಿಯುತ್ತಿತ್ತು. ಆದರೆ ಬೋರ್ಡ್ ಅಂದರೆ 'ಯಾಕೆ' ಅಂತ ಕೇಳುತ್ತಾರೆ. ಯಾಕೆ ಅಂದರೆ ಕೈ ತೋರಿಸಬೇಕು. ಇರ್ವಿನನ ಕೈ ನಡುಗುತ್ತದಂತೆ ಎಂಬ ಸುದ್ದಿ ಹಬ್ಬಿದ ಮೇಲೆ ಆ ವರ್ಕ್‌ಶಾಪಿನ ಮೆಟ್ಟಿಲು ಯಾರು ಹತ್ತುತ್ತಾರೆ? ಅವನು ಸುಮ್ಮನಾದ.

ಕಳೆದ ತಿಂಗಳು ಈ ಗಂಟು ಇನ್ನೂ ಬಿಗಿಯಾಯಿತು. ತೊಕ್ಕೊಟ್ಟಿನಲ್ಲಿ ಕಂಪನಿ ಆಂಪ್ ಮಾರುವ ಎಡ್ವಿನ್ ಇಗರ್ಜಿಯ, ಅಂದರೆ ಚರ್ಚಿನ, ಹಾಲ್‌ನಲ್ಲಿ ಸೆಡ್ರಿಕನನ್ನು ಕೆಣಕಿದ. "ಬೋರ್ಡ್ ಆದ್ರೆ ಎಂತ, ಕೈಯದ್ದು ಆದ್ರೆ ಎಂತ? ಕರೆಂಟಿಗೆ ಗೊತ್ತುಂಟಾ?"

"ನನ್ನ ಕೆಬಿಗೆ ಗೊತ್ತುಂಟು" ಅಂದ ಸೆಡ್ರಿಕ್, ತುಳುವಿನಲ್ಲಿ ಕಿವಿಗೆ ಕೆಬಿ ಎನ್ನುವುದನ್ನೇ ಕೊಂಕಣಿಯವನಾದರೂ ಠೀವಿಯಿಂದ ಎಳೆದು.

ಪಂಥ ನಡೆದೇ ಹೋಯಿತು. ಸೆಡ್ರಿಕ್ ಗೋಡೆಗೆ ಮುಖ ಮಾಡಿ ಕೂತ. ಒಮ್ಮೆ ಎಡ್ವಿನನ ಆಂಪ್, ಒಮ್ಮೆ ಇರ್ವಿನನದ್ದು, ಏಳು ಸಲ ನುಡಿಸಿದರು. ಏಳಕ್ಕೆ ಏಳೂ ಸರಿ ಹೇಳಿದ! "ಬೋರ್ಡಿನ ಸೌಂಡ್ ಮೂರು ದಿನ ಐಸಲ್ಲಿಟ್ಟ ಬಂಗುಡೆ ಮೀನು" ಅಂದ. ವೀಡಿಯೋ ಊರೆಲ್ಲ ಸುತ್ತಿತು, ಕ್ಲಾಸಿಗೆ ಹೊಸ ಶಿಷ್ಯರು ಸೇರಿದರು. ಅವನ ಕಿವಿ ಕೇಳಿದ ವ್ಯತ್ಯಾಸ ನಿಜವೇ. ಆದರೆ ಅದು ಟ್ರಾನ್ಸ್‌ಫಾರ್ಮರಿನದ್ದು, ಸ್ಪೀಕರಿನದ್ದು. ಬೋರ್ಡ್ ಎರಡರಲ್ಲೂ ಇತ್ತು. ಅಲ್ಲಿ ನೆರೆದವರಲ್ಲಿ ಇದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಹಿಂದಿನ ಸಾಲಿನಲ್ಲಿ ಬೆವರುತ್ತ ಚಪ್ಪಾಳೆ ತಟ್ಟುತ್ತಿದ್ದ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮೊನ್ನೆ ಇಗರ್ಜಿಯ ಅದೇ ಹಾಲ್‌ನಲ್ಲಿ ಊರ ಹುಡುಗಿ ಆಂಡ್ರಿಯಾಳ ರೋಸ್. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಸಂಭ್ರಮ. ಹಚ್ಚಿ ಉಳಿದ ಹಾಲನ್ನು ಒಬ್ಬರ ಮೇಲೊಬ್ಬರು ಎರಚದಿದ್ದರೆ ನಮ್ಮವರಿಗೆ ರೋಸ್ ಮುಗಿದ ಹಾಗಾಗುವುದಿಲ್ಲ. ಮದುಮಗಳ ಸೋದರಮಾವ ಅಲ್ಫೋನ್ಸ್‌ಗೆ ಎಪ್ಪತ್ತಾದರೂ ಚೇಷ್ಟೆ ಹೋಗಿಲ್ಲ. ದೊಡ್ಡ ಬೋಗುಣಿ ಎತ್ತಿ, ಸ್ಟೇಜಿನಲ್ಲಿ ನುಡಿಸುತ್ತಿದ್ದ ಸೆಡ್ರಿಕನ ಮೇಲೆ ಬೀಸಿದ. ಸೆಡ್ರಿಕ್ ಬಗ್ಗಿದ. ಹಾಲು ಪೂರ್ತಿ ಆಂಪಿನ ಹಿಂದಿನ ಜಾಲರಿಯೊಳಗೆ ಹೋಯಿತು.

ಟಪ್! ಕಾದ ವಾಲ್ವಿನ ಗಾಜು ಒಡೆದು, ಫ್ಯೂಸ್ ಹಾರಿ, ಸುಟ್ಟ ಕೊಬ್ಬರಿಯ ವಾಸನೆ ಹಬ್ಬಿತು.

"ಸಾಯ್ಬಾ!" ಅಂತ ದೇವರನ್ನು ಕರೆದು ಅಲ್ಫೋನ್ಸ್ ತಲೆಯ ಮೇಲೆ ಕೈಹೊತ್ತು ಕೂತ. ಸೆಡ್ರಿಕ್ ಮಾತ್ರ ನಗುತ್ತಿದ್ದ. "ಹೆದರ್ಬೇಡಿ ಅಂಕಲ್, ಮಾಡಿದವನೇ ಊಟಕ್ಕೆ ಬಂದಿದ್ದಾನೆ. ಇರ್ವಿನ್, ಬಾ ಮಾರಾಯ, ಬಿಚ್ಚು!"

ಇರ್ವಿನ್ ಕೈಯಲ್ಲಿದ್ದ ಇಡ್ಲಿಯಂಥ ಸಾನ್ನಣವನ್ನು ತಟ್ಟೆಗೇ ಇಟ್ಟ. "ಇವತ್ತು ಬೇಡ. ಮನೆಗೆ ಕೊಂಡುಹೋಗಿ ನಾಳೆ ನೋಡ್ತೇನೆ."

"ನಾಳೆ ಮದುವೆ ಉಂಟಲ್ಲ! ಬಿಚ್ಚುವುದಿಲ್ಲಾದ್ರೆ ಬೇಡ. ಬೇರೆ ವಾಲ್ವ್, ಫ್ಯೂಸ್ ಹಾಕು, ನಾನು ಹಾಗೇ ಆನ್ ಮಾಡ್ತೇನೆ."

ಒಳಗೆ ನಾನೂರು ವೋಲ್ಟ್, ಅದರ ಮೇಲೆ ತೆಂಗಿನ ಹಾಲು, ಈ ಕಟ್ಟಡದ ಅರ್ಥಿಂಗ್ ದೇವರಿಗೇ ಪ್ರೀತಿ. ಇವನು ಒದ್ದೆ ಬೆರಳಲ್ಲಿ ಗಿಟಾರಿನ ತಂತಿ ಮುಟ್ಟಿದರೆ ನಾಳೆ ಮದುವೆಯಲ್ಲ, ಮರಣ. ಬಿಚ್ಚಿದರೆ ತನ್ನ ಮಾನ, ಬಿಚ್ಚದಿದ್ದರೆ ಇವನ ಪ್ರಾಣ. ಇರ್ವಿನ್ ಸ್ಕೂಟರಿನ ಡಿಕ್ಕಿಯಿಂದ ಟೂಲ್ ಬಾಕ್ಸ್ ತಂದ.

"ಎಲ್ಲರೂ ದೂರ ನಿಲ್ಲಿ, ಪ್ಲಗ್ ತೆಗೆದ್ರೂ ಒಳಗೆ ಕರೆಂಟ್ ಉಳಿದಿರ್ತದೆ" ಅಂದ. ಅದು ಸುಳ್ಳಲ್ಲ, ಆದರೆ ಅದಕ್ಕಾಗಿ ಅಂದದ್ದೂ ಅಲ್ಲ. ಸೆಡ್ರಿಕ್ ಮೊಬೈಲಿನ ಬೆಳಕು ಹಿಡಿದ. ಸ್ಕ್ರೂಡ್ರೈವರ್ ಸ್ಕ್ರೂವಿನ ಸೀಳಿನಿಂದ ಮೂರು ಸಲ ಜಾರಿತು. "ಎಂತ ಹೆದರಿಕೆಯಾ ನಿನಗೂ?" ಅಂತ ಸೆಡ್ರಿಕ್ ತಮಾಷೆ ಮಾಡಿದ.

ಮುಚ್ಚಳ ಕಳಚಿ ಬಂತು. ಬೆಳಕು ಹಸಿರು ಬೋರ್ಡಿನ ಮೇಲೆ ಬಿತ್ತು.

ಸೆಡ್ರಿಕ್ ನೋಡಿದ. ನೋಡುತ್ತಲೇ ಇದ್ದ. ಇರ್ವಿನ್ ತಲೆ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ಅವನ ಎದೆಯಿಂದ ಒಂದು ಕಲ್ಲು ಇಳಿದಂತಾಯಿತು. ಇನ್ನು ಇವನು ಕೂಗುತ್ತಾನೆ, ಎಲ್ಲರೂ ಉಗಿಯುತ್ತಾರೆ, ಮುಗಿಯುತ್ತದೆ. ಸಿಕ್ಕಿಬಿದ್ದವನಿಗೂ ಒಂದು ಸುಖ ಉಂಟು.

"ಮೋಸಗಾರ" ಅಂದ ಸೆಡ್ರಿಕ್, ಪಿಸುದನಿಯಲ್ಲಿ. "ಕೈಯಿಂದ ಮಾಡ್ಲಿಕ್ಕೆ ಸೋಮಾರಿತನವಾ ನಿನಗೆ?"

"ಹೇಳಿಬಿಡು ಸೆಡ್ರಿಕ್. ಎಲ್ಲರಿಗೂ ಹೇಳು. ನನಗೆ ಸಾಕಾಗಿದೆ."

"ನಿನಗೆ ಸಾಕಾಯ್ತು, ನನ್ನ ಗತಿ? ಗೋಡೆ ನೋಡಿ ಕೂತು ಏಳಕ್ಕೆ ಏಳು ಹೇಳಿದವ ನಾನು. ಆ ಎಡ್ವಿನ್ ಅಲ್ಲೇ ನಿಂತಿದ್ದಾನೆ. ಬಾಯಿ ಮುಚ್ಚು, ಒರೆಸು, ಬೇಗ ಮುಚ್ಚಳ ಹಾಕು."

ಇರ್ವಿನ್ ಸ್ಪಿರಿಟಿನಿಂದ ಒರೆಸಿದ, ಮದುಮಗಳ ಬ್ಯೂಟಿಷಿಯನ್ ತಂದಿದ್ದ ಹೇರ್ ಡ್ರೈಯರಿನಿಂದ ಒಣಗಿಸಿದ, ಬಾಕ್ಸಿನಲ್ಲಿದ್ದ ಬೇರೆ ವಾಲ್ವ್, ಫ್ಯೂಸ್ ಹಾಕಿದ. ಬೋರ್ಡ್ ಆದದ್ದಕ್ಕೆ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಮುಚ್ಚಳದ ಸ್ಕ್ರೂಗಳನ್ನು ಸೆಡ್ರಿಕನೇ ಕೂತು ಬಿಗಿದ. ಆಂಪ್ ಮೊದಲಿನ ಹಾಗೇ ಹಾಡಿತು, ಜನ ಶಿಳ್ಳೆ ಹಾಕಿದರು.

ಎಡ್ವಿನ್ ಮಾತ್ರ ಗ್ಲಾಸು ಕೆಳಗಿಟ್ಟು ಸ್ಟೇಜಿನ ಹತ್ತಿರ ಬಂದ. ವ್ಯಾಪಾರಿಯಾದರೂ ಕಸುಬು ಬಲ್ಲವನು. "ಒಂದು ಡೌಟು. ಕೈಯ ವಯರಿಂಗ್ ಆದ್ರೆ ಹಾಲು ಸಂದುಸಂದಿಗೆ ಇಳೀತದೆ. ಒಂದೊಂದೇ ತಂತಿ ಬಿಡಿಸಿ ಒರೆಸ್ಲಿಕ್ಕೆ ಇಡೀ ದಿನ ಬೇಕು. ಇಪ್ಪತ್ತು ನಿಮಿಷದಲ್ಲಿ ಹೇಗಾಯ್ತು ಇರ್ವಿನ್? ನೀನೇ ಹೇಳು, ಒಳಗೆ ಎಂತ ಉಂಟು?"

ಸೆಡ್ರಿಕ್ ಮೈಕನ್ನು ಇರ್ವಿನನ ಕೈಗೆ ತುರುಕಿದ. ಅದು ಅಲುಗಾಡಿದ್ದಕ್ಕೆ ಇರ್ವಿನ್ ಇನ್ನೊಂದು ಕೈಯನ್ನೂ ಸೇರಿಸಿ ಹಿಡಿದ. ಎದುರಿನ ಕುರ್ಚಿಯಲ್ಲಿ ಡೈಸಿ. ಕೊರಿಯರಿನ ಡಬ್ಬಗಳಿಗೆ ಸಹಿ ಹಾಕಿದವಳು ಅವಳೇ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಮೈಕ್ ಹಿಡಿದ ಎರಡು ಕೈಗಳನ್ನು ನೋಡುತ್ತಿದ್ದಳು. 'ಹೇಳಿಬಿಡಿ' ಅನ್ನುವ ಹಾಗೆ ತಲೆ ಸಣ್ಣಗೆ ಆಡಿಸಿದಳು.

"ಕೈಕೆಲಸ" ಅಂದ ಇರ್ವಿನ್. ಧ್ವನಿ ಹಾಲ್‌ನ ನಾಲ್ಕೂ ಮೂಲೆಗೆ ಹೋಯಿತು. "ಪೂರ್ತಿ ನನ್ನ ಕೈಯದ್ದೇ."

ಚಪ್ಪಾಳೆಯೋ ಚಪ್ಪಾಳೆ. ಅಲ್ಫೋನ್ಸ್ ಓಡಿಬಂದು ತಬ್ಬಿಕೊಂಡ. ಡೈಸಿ ಅವನತ್ತ ನೋಡದೆ ಎದ್ದು ಕೈತೊಳೆಯುವ ಕಡೆಗೆ ಹೋದಳು, ಊಟವನ್ನೇ ಮಾಡಿರದ ಅವಳಿಗೆ ತೊಳೆಯುವುದಕ್ಕೇನೂ ಇರಲಿಲ್ಲ.

ಗೆದ್ದ ಅಮಲಿನಲ್ಲಿ ಸೆಡ್ರಿಕ್ ಮೈಕ್ ಕಸಿದುಕೊಂಡ. ಎಡ್ವಿನನನ್ನು ಅಷ್ಟಕ್ಕೇ ಬಿಡುವ ಮನಸ್ಸು ಅವನಿಗಿರಲಿಲ್ಲ. "ಡೌಟ್ ಇದ್ದವರು ಕಣ್ಣಾರೆ ನೋಡಿ! ಬರುವ ಆದಿತ್ಯವಾರದಿಂದ ನನ್ನ ಕ್ಲಾಸಿನಲ್ಲಿ ಇರ್ವಿನ್ ಎಲ್ಲರ ಎದುರೇ ಒಂದು ಆಂಪ್ ಕೈಯಿಂದ ವಯರಿಂಗ್ ಮಾಡ್ತಾನೆ, ಬೇಕಾದವರಿಗೆ ಕಲಿಸ್ತಾನೆ. ಯಾರೆಲ್ಲ ಬರ್ತೀರಿ, ಕೈ ಎತ್ತಿ!"

ಹಾಲ್ ತುಂಬ ಕೈಗಳು ಮೇಲೆದ್ದವು. ಮೊದಲು ಎತ್ತಿದವನು ಎಡ್ವಿನ್. ಇರ್ವಿನ್ ತನ್ನ ಎರಡು ಕೈಗಳನ್ನೂ ಪ್ಯಾಂಟಿನ ಜೇಬಿಗೆ ತುರುಕಿ, ಎಲ್ಲರಿಗೂ ಕಾಣುವ ಹಾಗೆ ನಕ್ಕ.