ವಾಪಸ್ ಬಾರದ ವ್ಯಾಟುಗಳು

ಪ್ರತ್ಯಕ್ಷ ಕಂಡರೂ ಮೀಟರಿಟ್ಟು ನೋಡು ಎಂದು ಗಾದೆಯನ್ನೇ ತಿರುಚಿಕೊಂಡು ಬದುಕುತ್ತಿದ್ದ ಒಬ್ಬ ಮಾವನ ಕಥೆ ಇದು. ಕಟ್ಟಿದ್ದಲ್ಲ, ಆಣೆಗೂ ನಡೆದದ್ದು.

ಆ ಬೆಳಿಗ್ಗೆ ಹವ್ಯಾಸಿ ರೇಡಿಯೊದ ಮೈಕಿನಲ್ಲಿ ಕೂಗಿ ಕೂಗಿ ಮಾವನ ಗಂಟಲು ಕಟ್ಟಿತ್ತು. ವರ್ಷಗಟ್ಟಲೆ ಭಾನುವಾರಗಳಂದು ಹರಟಿದ ಗೆಳೆಯ, ದೂರದ ದೀಪಸ್ತಂಭದ ಕಾವಲುಗಾರ, ಮೊದಲೇ ಹೇಳಿದ್ದಂತೆ ಅಂದು ಮಧ್ಯಾಹ್ನ ರೇಡಿಯೊ ಕಳಚಿ ಕೆಲಸ ಬಿಡುವವನಿದ್ದ. ಮುಖ ಕಂಡಿಲ್ಲದ ಸ್ನೇಹ. ತಪ್ಪಿದರೆ ಇನ್ನು ದನಿಯೂ ಇಲ್ಲ. ಕೆಲವು ವಾರಗಳಿಂದ ಅವನ ಉತ್ತರವೇ ಇರಲಿಲ್ಲ.

"ಆಂಟೆನಾ ಕೇಬಲ್ ಹಾಳಾಗಿದೆ ಮಾವ, ಬದಲಾಯಿಸೋಣ," ಎಂದ ಅಳಿಯ. ಹೊಸ ಸುರುಳಿ ತಂದೇ ಬಂದಿದ್ದ.

"ಮೀಟರ್ ನೋಡಿ ಅಳಿಯಂದಿರೇ. ಹೋಗಿದ್ದು ನೂರು ವ್ಯಾಟ್, ಆಂಟೆನಾ ಬೇಡ ಅಂತ ವಾಪಸ್ ಕಳಿಸಿದ್ದು ಸೊನ್ನೆ. ವಾಪಸ್ ಬಂದಿಲ್ಲ ಅಂದ್ರೆ ಗಾಳಿಗೆ ಹೋಯ್ತು ಅಂತ. ಎಷ್ಟು ಸಲ ಬಡ್ಕೊಳ್ಳಲಿ?"

"ನಿಮ್ಮ ತಮ್ಮ ಒಯ್ದ ಛತ್ರೀನೂ ವಾಪಸ್ ಬಂದಿಲ್ಲ," ಒಳಗಿನಿಂದ ಅತ್ತೆ ಅಂದರು. "ಅದೂ ಗಾಳಿಗೆ ಹೋಯ್ತಾ?"

ಮಾವ ದುಮುಗುಡುತ್ತ ಸ್ನಾನಕ್ಕೆ ಹೋದರು. ಅಳಿಯ ತಾರಸಿ ಹತ್ತಿ, ಆಂಟೆನಾದಿಂದ ಕೇಬಲಿನ ತುದಿ ಬಿಚ್ಚಿ ನೆಲಕ್ಕೆ ಹಾಕಿ, ಬೆಣ್ಣೆ ತಿಂದ ಬೆಕ್ಕಿನಂತೆ ಇಳಿದು ಬಂದ.

"ಇನ್ನೊಂದ್ಸಲ ತೋರಿಸಿ ಮಾವ."

ಮಾವ ಮೈಕ್ ಒತ್ತಿ ಕೂಗಿದರು. ವಾಪಸ್ಸಿನ ಮುಳ್ಳು ಅಲುಗಲಿಲ್ಲ. "ಸೊನ್ನೆ. ನನ್ನ ಆಂಟೆನಾ ಅಪ್ಪಟ ಚಿನ್ನ ಕಣ್ರೀ."

"ಚಿನ್ನಾನ ಒಂದ್ಸಲ ಮುಟ್ಟಿ ಬರೋಣ, ನಡೀರಿ."

ತಾರಸಿಯಲ್ಲಿ ಕೇಬಲ್ ಒಂದು ಕಡೆ, ಆಂಟೆನಾ ಇನ್ನೊಂದು ಕಡೆ. ತುದಿ ಬಿಚ್ಚಿದ್ದರೆ ಕಳಿಸಿದ್ದೆಲ್ಲ ಗೋಡೆಗೆಸೆದ ಚೆಂಡಿನಂತೆ ಮರಳಬೇಕಿತ್ತು. ಮಾವ ಕೇಬಲ್ ಎತ್ತಿ ಬಗ್ಗಿಸಿದರು. ಒಳಗೆ ಸೇರಿದ್ದ ಕಂದು ನೀರು ಅಂಗೈಗೆ ತೊಟ್ಟಿಕ್ಕಿತು.

"ಹೋಗೋದನ್ನೂ ಇದೇ ನುಂಗಿದೆ, ಬರೋದನ್ನೂ ಇದೇ ನುಂಗಿದೆ," ಎಂದರು ಮೆಲ್ಲಗೆ.

"ವಾಪಸ್ ಬಂದಿಲ್ಲ ಅಂದ್ರೆ ಗಾಳಿಗೆ ಹೋಯ್ತು ಅಂತ," ಅಳಿಯ ಮಾವನ ಕಟ್ಟಿದ ಗಂಟಲಲ್ಲೇ ಅಂದ.

"ಬಾಯಿ ಮುಚ್ಕೊಂಡು ಆ ಸುರುಳಿ ಕೊಡ್ರೀ."

ಹೊಸ ಕೇಬಲ್ ಹಾಕಿ ಕೂತಾಗ ಮೀಟರಿನಲ್ಲಿ ಹತ್ತು ವ್ಯಾಟ್ ವಾಪಸ್. ಅಪ್ಪಟ ಚಿನ್ನದ ಆಂಟೆನಾ ಹತ್ತನ್ನು ಬೇಡ ಎಂದಿತ್ತು; ಮಾವನ ಮುಖ ಇಳಿಯಿತು. ಅಷ್ಟರಲ್ಲಿ ಗೊರಗೊರ ಸದ್ದಿನ ನಡುವೆ ಒಂದು ದನಿ: "ಎಲ್ಲಿ ಸತ್ತಿದ್ಯೋ ಮಾರಾಯ? ವೈರು ಕೀಳೋಕೆ ಹೊರಟಿದ್ದೆ."

ಮಾವ ಮೈಕ್ ಒತ್ತಿ ನಡೆದದ್ದನ್ನೆಲ್ಲ ಹೇಳಹೊರಟು ಅರ್ಧಕ್ಕೇ ನಕ್ಕರು. ಅಳಿಯ ನಕ್ಕ, ಬಾಗಿಲಲ್ಲಿ ಅತ್ತೆಯೂ ನಕ್ಕರು. ಇಬ್ಬರ ನಗುವನ್ನೂ ಮುಳುಗಿಸಿ ಮಾವ ನಕ್ಕರು. ನಗು ಏರಿದಂತೆಲ್ಲ ಮೀಟರಿನ ಹೋಗುವ, ಬರುವ ಎರಡು ಮುಳ್ಳುಗಳೂ ಎದ್ದು ಬಿದ್ದು ಕುಣಿಯುತ್ತಿದ್ದವು. ಯಾರೂ ಅತ್ತ ನೋಡಲಿಲ್ಲ.