ಬಟಾಣಿಯ ಕಾವಲು

ಇಸ್ತ್ರಿ ಅಜ್ಜಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಾಲರಿನ ಕೊಳೆ ಹೋಗಿಲ್ಲ ಎಂದು ಯಾರಾದರೂ ಅಂಗಿ ವಾಪಸು ತಂದರೆ, "ಕೊಳೆ ನಿಮ್ಮ ಕತ್ತಿನದು, ನನ್ನ ಸೋಪಿನದಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ, ಆಮೇಲೆ ಅದೇ ಅಂಗಿಯನ್ನು ಇನ್ನೊಮ್ಮೆ ತಿಕ್ಕಿ ತೊಳೆದು, ಮಡಿಕೆ ಕೂರಿಸಿ ಕೊಡುವ ಹೆಂಗಸು ಅವಳು. ಹಾಗಾಗಿ ಗಿರಾಕಿಗಳು ಬೈಸಿಕೊಂಡೂ ಅವಳ ಲಾಂಡ್ರಿಗೇ ಬರುತ್ತಿದ್ದರು. ಈ ಎರಡು ತಿಂಗಳಲ್ಲಿ ಅಜ್ಜಿಯ ಬೈಗುಳ ತಿನ್ನದವನು ಒಬ್ಬನೇ, ಅವಳ ಅಳಿಯ. ಬೈಯಬೇಕಾದರೆ ಮಾತಾಡಬೇಕಲ್ಲ, ಅಜ್ಜಿ ಅವನ ಜೊತೆ ಮಾತೇ ಬಿಟ್ಟಿದ್ದಳು.

ನಡೆದದ್ದು ಇಷ್ಟು. ಅಳಿಯ ಲಿಫ್ಟ್ ರಿಪೇರಿ ಮಾಡುವವನು, ಮಗಳಿಗೆ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ. ಅವರಿಗೆ ಒಂದೂವರೆ ವರ್ಷದ ಹೆಣ್ಣುಮಗು. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅಜ್ಜಿ ಬಟಾಣಿ ಎಂದು ಕರೆದಿದ್ದಳು, ಈಗ ಎತ್ತಿದರೆ ಸೊಂಟ ಹಿಡಿಯುವಷ್ಟು ಗುಂಡಗಾಗಿದ್ದರೂ ಆ ಹೆಸರೇ ನಿಂತುಬಿಟ್ಟಿತ್ತು. ಬಟಾಣಿಯನ್ನು ಬೆಳಿಗ್ಗೆ ಶಿಶುವಿಹಾರಕ್ಕೆ ಬಿಡುವುದು ಮಗಳ ಕೆಲಸ. ಅವತ್ತೊಂದು ದಿನ ಮಗಳಿಗೆ ಬೇಗನೆ ಪಾಳಿ ಬಿತ್ತು. ಅಳಿಯ ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಎರಡು ತಿರುವು ಕಳೆಯುವುದರೊಳಗೆ ಮಗು ನಿದ್ದೆಹೋಯಿತು. ಅಷ್ಟರಲ್ಲಿ ಫೋನು ಬಂತು: ಯಾವುದೋ ಕಟ್ಟಡದ ಲಿಫ್ಟು ನಡುವೆ ನಿಂತಿದೆ, ಒಳಗೆ ಸಿಕ್ಕಿಕೊಂಡ ಮುದುಕರಿಗೆ ಉಸಿರು ಕಟ್ಟುತ್ತಿದೆ, ಬೇಗ ಬಾ. ಅವನು ದಿನಾ ಕೆಲಸಕ್ಕೆ ಹೋಗುವ ಹಾಗೆಯೇ ಹೋದ, ಕಾರು ನಿಲ್ಲಿಸಿದ, ಚೀಲ ಎತ್ತಿಕೊಂಡು ಓಡಿದ. ಮುದುಕರನ್ನು ಹೊರಗೆ ತೆಗೆದ. ಇತ್ತ ಸುಡುಬಿಸಿಲಿಗೆ ನಿಂತ ಕಾರಿನೊಳಗೆ ಅವನ ಮಗುವೇ ಉಳಿದಿತ್ತು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನೋಡಿ, ಕಲ್ಲು ಎತ್ತಿ ಗಾಜು ಒಡೆದಳು. ಮಗು ಕೆಲವು ದಿನ ಆಸ್ಪತ್ರೆಯಲ್ಲಿದ್ದು, ದೇವರು ದೊಡ್ಡವನು, ನಗುನಗುತ್ತಾ ಹೊರಗೆ ಬಂತು.

ಮಗು ಉಳಿಯಿತು, ಅಪ್ಪನ ಮಾನ ಉಳಿಯಲಿಲ್ಲ. ಗಾಜು ಒಡೆಯುವುದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಅದರಲ್ಲಿ ಅಳಿಯ ಓಡಿ ಬರುತ್ತಾನೆ, ಆದರೆ ಅಳುವುದಿಲ್ಲ, ಕೂಗುವುದಿಲ್ಲ, ಬಾಯಿ ತೆರೆದುಕೊಂಡು ಸುಮ್ಮನೆ ನಿಂತುಬಿಡುತ್ತಾನೆ. ಊರಿಗೆ ಅಷ್ಟು ಸಾಕಾಯಿತು. ಹೆತ್ತ ಅಪ್ಪ ಹಾಗೆ ನಿಲ್ಲುತ್ತಾನಾ ಎಂದರು. ಹಿಂದಿನ ದಿನ ಫೋನಿನಲ್ಲಿ ನಾಳೆ ಎಷ್ಟು ಡಿಗ್ರಿ ಬಿಸಿಲು ಎಂದು ನೋಡಿದ್ದನಂತೆ, ಅದೂ ಸಾಕ್ಷಿಯಾಯಿತು. ಆ ವಾರ ಊರಿಗೆ ಊರೇ ಎಷ್ಟು ಡಿಗ್ರಿ ಎಂದು ನೋಡುತ್ತಾ ಬೆವರು ಒರೆಸಿಕೊಳ್ಳುತ್ತಿತ್ತು ಎಂಬುದು ಯಾರಿಗೂ ನೆನಪಾಗಲಿಲ್ಲ. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ. ಪೊಲೀಸರು ಎಲ್ಲ ವಿಚಾರಿಸಿ, ಬೇಕೆಂದು ಮಾಡಿದ್ದಲ್ಲ ಎಂದು ಹೇಳಿ ಹೋದರು. ಆದರೆ ಮಕ್ಕಳ ರಕ್ಷಣೆಯ ಕಚೇರಿಯವರು ಬಿಡಲಿಲ್ಲ. ಸದ್ಯಕ್ಕೆ ಮಗು ಅಜ್ಜಿಯ ಹತ್ತಿರ ಇರಲಿ, ಅಪ್ಪ ಬಂದು ನೋಡಬಹುದು, ಆದರೆ ಅಜ್ಜಿ ಎದುರಿಗೇ ಇರಬೇಕು, ಎರಡು ತಿಂಗಳ ಮೇಲೆ ನಾವು ಬಂದು ಅಜ್ಜಿಯನ್ನು ಕೇಳಿ ಮುಂದಿನದನ್ನು ತೀರ್ಮಾನಿಸುತ್ತೇವೆ ಎಂದರು.

ಅಜ್ಜಿ ಊರಿನವರ ಹಾಗಲ್ಲ. ಅಳಿಯ ಬೇಕೆಂದು ಮಾಡಿದ ಎಂದು ಅವಳು ಒಂದು ಕ್ಷಣವೂ ನಂಬಿರಲಿಲ್ಲ. ಅವಳ ಹೊಟ್ಟೆಗೆ ಬೆಂಕಿ ಬಿದ್ದಿದ್ದು ಬೇರೆ ಕಾರಣಕ್ಕೆ.

"ಛತ್ರಿ ಮರೀತಾರೆ, ಕನ್ನಡಕ ಮರೀತಾರೆ. ಮಗೂನ ಮರೀತಾರೇನೇ?" ಎಂದು ಮಗಳನ್ನು ಕೇಳುತ್ತಿದ್ದಳು.

"ಅವರು ಬೇಕು ಅಂತ ಮಾಡ್ಲಿಲ್ಲಮ್ಮ."

"ಬೇಕು ಅಂತ ಮಾಡಿದ್ರೆ ಕೆಟ್ಟವನು ಅಂತ ದೂರ ಇಡಬಹುದಿತ್ತು. ಒಳ್ಳೆಯವನಾಗಿದ್ದೂ ಮರೆಯೋನನ್ನ ಹೇಗೆ ನಂಬೋದು, ನೀನೇ ಹೇಳು."

ಒಂದು ರಾತ್ರಿ ಗಂಡನ ಮನೆ, ಒಂದು ರಾತ್ರಿ ಮಗುವಿನ ಪಕ್ಕ ಎಂದು ಓಡಾಡಿ ಮಗಳ ಮುಖ ಬತ್ತಿಹೋಗಿತ್ತು.

ಅಳಿಯ ಪ್ರತಿ ಸಂಜೆ ಬಸ್ಸಿಳಿದು ಬರುತ್ತಿದ್ದ. ಕಾರನ್ನು ಅವನು ಆಮೇಲೆ ಮುಟ್ಟಿರಲಿಲ್ಲ. ಲಾಂಡ್ರಿಯ ಮೂಲೆಯ ಸ್ಟೂಲಿನ ಮೇಲೆ ಕೂರುವನು. ಬಟಾಣಿ ಅವನ ಕಾಲು ಹತ್ತುವಳು, ಕಿವಿ ಎಳೆಯುವಳು, ಜೇಬಿಗೆ ಕೈ ಹಾಕುವಳು. ಅವನು ಮಾತ್ರ ಕೈ ಚಾಚುವ ಮೊದಲು ದಿನಾ ಅದೇ ಮಾತು ಕೇಳುವನು: "ಎತ್ಕೊಳ್ಳಲಾ ಅತ್ತೆ?" ಅಜ್ಜಿ ಇಸ್ತ್ರಿಯಿಂದ ಕಣ್ಣೆತ್ತದೆ ಹೂಂ ಎಂಬಂತೆ ತಲೆಯಾಡಿಸುವಳು. ಎದುರಿನ ಚಪ್ಪಲಿ ಅಂಗಡಿಯವನೂ ಪಕ್ಕದ ಔಷಧಿ ಅಂಗಡಿಯವಳೂ ಆ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುವರು. ಸ್ವಂತ ಮಗುವನ್ನು ಎತ್ತಿಕೊಳ್ಳಲು ಅಪ್ಪಣೆ ಕೇಳುವ ಗಂಡಸನ್ನು ನೋಡುವುದು ಅವರಿಗೆ ಪುಕ್ಕಟೆ ನಾಟಕ.

ಅಧಿಕಾರಿ ಬರುವ ದಿನ ಬಂತು. ಮಧ್ಯಾಹ್ನ ಬರುತ್ತೇನೆಂದು ಹೇಳಿ ಕಳಿಸಿದ್ದರು. ಬಟಾಣಿಗೆ ದವಡೆ ಹಲ್ಲು ಮೂಡುತ್ತಿತ್ತು, ಹಿಂದಿನ ರಾತ್ರಿಯಿಡೀ ಅತ್ತು ಅಜ್ಜಿಯ ಕಣ್ಣಿಗೆ ನಿದ್ದೆ ಹತ್ತಲು ಬಿಟ್ಟಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟ ಮಗಳಿಗೆ ಅಜ್ಜಿ ಮುಚ್ಚುಮರೆಯಿಲ್ಲದೆ ಹೇಳಿದಳು: "ಬೇಡ ಅಂತೀನಿ. ನಿಂಗೆ ಬೇಜಾರಾದ್ರೂ ಪರವಾಗಿಲ್ಲ. ಮಗು ಇಲ್ಲೇ ಇರಲಿ."

"ನಿನ್ನಿಷ್ಟ ಅಮ್ಮ" ಎಂದಳು ಮಗಳು. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ಅಜ್ಜಿ ಅದನ್ನು ನೋಡಿದಳು, ಆದರೆ ಬಾಯಿಂದ ಬಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಲಾಂಡ್ರಿಯಲ್ಲಿ ಒಂದು ಕೆಲಸಕ್ಕೆ ಮಾತ್ರ ರಜೆ ಇಲ್ಲ. ದೊಡ್ಡ ರಸ್ತೆಯ ಹೋಟೆಲಿನ ಮೇಜಿನ ಬಟ್ಟೆಗಳು ಮಧ್ಯಾಹ್ನದ ಊಟದ ಗಿರಾಕಿಗಳು ಬರುವ ಮೊದಲು ಅಲ್ಲಿರಬೇಕು. ಇಸ್ತ್ರಿ ಆರಿಸುವುದು, ಬಟ್ಟೆಯ ಗಂಟನ್ನು ಕೈಗಾಡಿಗೆ ಹೇರುವುದು, ಮೇನ್ ಸ್ವಿಚ್ ಇಳಿಸುವುದು, ಶಟರ್ ಎಳೆದು ಬೀಗ ಹಾಕುವುದು, ಬೀಗವನ್ನೊಮ್ಮೆ ಜಗ್ಗಿ ನೋಡಿ ಹೊರಡುವುದು. ವರ್ಷಾನುಗಟ್ಟಲೆ ಮಾಡಿ ಮಾಡಿ ಅದು ಕೈಗೇ ಕಲಿತುಹೋಗಿತ್ತು, ತಲೆಯ ಹಂಗು ಬೇಕಿರಲಿಲ್ಲ. ಬಟಾಣಿ ಬಂದ ಮೇಲೆ ಅವಳನ್ನೂ ಗಂಟಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳು. ಅವತ್ತು ಮಗು ರಾತ್ರಿಯ ನಿದ್ದೆಯನ್ನೆಲ್ಲ ಸೇರಿಸಿ, ಮೇಜಿನ ಕೆಳಗೆ ಹಾಸಿದ ದುಪ್ಪಟಿಯ ಮೇಲೆ ಅಪರೂಪಕ್ಕೆ ಅಷ್ಟು ಬೇಗ ಮಲಗಿಬಿಟ್ಟಿತ್ತು. ಅಜ್ಜಿಯ ತಲೆಯಲ್ಲಿ ಅಧಿಕಾರಿಗೆ ಹೇಳಬೇಕಾದ ಮಾತುಗಳು ಸಾಲುಗಟ್ಟಿದ್ದವು. ಅವಳು ಗಾಡಿ ಹೇರಿದಳು, ಸ್ವಿಚ್ ಇಳಿಸಿದಳು, ಶಟರ್ ಎಳೆದಳು, ಬೀಗ ಜಗ್ಗಿ ನೋಡಿದಳು. "ಒಂದು ಮಗೂನ ನೆನಪಿಟ್ಕೊಳ್ಳೋಕೆ ಆಗದೆ ಇರೋನ ಕೈಗೆ ಹೇಗೆ ಕೊಡಲಿ ಸ್ವಾಮಿ" ಎಂಬ ಮಾತನ್ನು ಬಾಯಲ್ಲೇ ತಿದ್ದುತ್ತಾ ಗಾಡಿ ತಳ್ಳಿಕೊಂಡು ಹೊರಟಳು.

ಹೋಟೆಲಿನ ಬಾಗಿಲಲ್ಲಿ ಮಾಣಿ ಗಂಟು ಇಳಿಸಿಕೊಳ್ಳುತ್ತಾ ಕೇಳಿದ, "ಏನಜ್ಜಿ, ಇವತ್ತು ನಿಮ್ಮ ಪುಟ್ಟ ಯಜಮಾನಿ ಬಂದಿಲ್ವಾ?"

ಅಜ್ಜಿ ಗಕ್ಕನೆ ತಿರುಗಿದಳು. ಗಾಡಿಯ ಮೇಲೆ ನೋಡಿದಳು, ಸುಮ್ಮನೆ ಸೊಂಟವನ್ನೂ ಮುಟ್ಟಿ ನೋಡಿಕೊಂಡಳು. ಕಣ್ಣ ಮುಂದೆ ಮೇಜಿನ ಕೆಳಗಿನ ದುಪ್ಪಟಿ ಬಂತು. ತಗಡಿನ ಮಾಡು, ನಿಂತ ಫ್ಯಾನು, ಆಗಷ್ಟೇ ಆರಿಸಿದ ಇಸ್ತ್ರಿಯ ಝಳ. ಮಾಣಿ ಹೆದರಿ "ಅಜ್ಜಿ, ಅಜ್ಜಿ" ಎನ್ನುತ್ತಿದ್ದ. ಅವಳು ಬಾಯಿ ತೆರೆದುಕೊಂಡು ನಿಂತೇ ಇದ್ದಳು. ಆಮೇಲೆ ಗಾಡಿಯನ್ನು ಅಲ್ಲೇ ಬಿಟ್ಟು ಓಡಿದಳು. ಮಂಡಿ ನೋವಿನ ಅಜ್ಜಿ ಅಷ್ಟು ಜೋರಾಗಿ ಓಡುತ್ತಾಳೆಂದು ಆ ಬೀದಿಗೆ ಅವತ್ತೇ ಗೊತ್ತಾದದ್ದು.

ಲಾಂಡ್ರಿಯ ಮುಂದೆ ಜನ ಸೇರಿದ್ದರು. ನಡುವೆ ಅಳಿಯ, ಕೈಯಲ್ಲೊಂದು ಕಬ್ಬಿಣದ ಸಲಾಕೆ. ಚಪ್ಪಲಿ ಅಂಗಡಿಯವನು ಅವನ ಕಾಲರು ಹಿಡಿದಿದ್ದ, ಇನ್ನೊಬ್ಬ ತೋಳು ತಿರುಚಿದ್ದ. ಔಷಧಿ ಅಂಗಡಿಯವಳು ಫೋನ್ ಎತ್ತಿ ಹಿಡಿದಿದ್ದಳು. ಅಧಿಕಾರಿ ಬರುವರೆಂದು ಅಳಿಯ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದನಂತೆ, ಒಳಗಿಂದ ಮಗು ಅಳುವುದು ಕೇಳಿಸಿತಂತೆ. ಅಜ್ಜಿಗೆ ಫೋನ್ ಮಾಡಿದರೆ ಅದೂ ಶಟರಿನ ಒಳಗೇ ರಿಂಗಾಯಿತಂತೆ. ಸಲಾಕೆ ಹುಡುಕಿ ತಂದು ಬೀಗ ಮೀಟಲು ಹೋದಾಗ ಇವರು ಹಿಡಿದುಕೊಂಡಿದ್ದರು.

"ಬಿಡ್ರಿ, ಮಗು ಒಳಗಿದೆ, ಆಮೇಲೆ ಬೇಕಾದ್ರೆ ಹೊಡೀರಿ" ಎನ್ನುತ್ತಿದ್ದ ಅವನು.

"ಅಜ್ಜಿ ಬಂದ್ರು, ದಾರಿ ಬಿಡಿ" ಎಂದ ಚಪ್ಪಲಿ ಅಂಗಡಿಯವನು. "ನೋಡಿ ಅಜ್ಜಿ, ನಿಮ್ಮಳಿಯ ಮತ್ತೆ ಅದೇ ಕೆಲಸ ಮಾಡಿದ್ದಾನೆ. ನೀವಿಲ್ಲದ ಹೊತ್ತು ನೋಡ್ಕೊಂಡು ಮಗೂನ ಒಳಗೆ ಹಾಕಿದ್ದಾನೆ."

ಬೀಗ ಹೊರಗಿತ್ತು, ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಅಷ್ಟು ಜನರಲ್ಲಿ ಒಬ್ಬರಿಗಾದರೂ ಅದು ಹೊಳೆಯಬೇಡವೇ? ಹೊಳೆದಿರಲಿಲ್ಲ. ಅಜ್ಜಿ ಕೀ ತೆಗೆದಳು, ಅವಸರಕ್ಕೆ ಅದು ರಂಧ್ರಕ್ಕೆ ಸೇರಲೇ ಇಲ್ಲ. ಅಳಿಯ ಕೊಸರಿಕೊಂಡು ಬಂದು "ಕೊಡಿ ಅತ್ತೆ" ಎಂದು ತೆಗೆದುಕೊಂಡು ಬೀಗ ತೆರೆದು ಶಟರ್ ಎತ್ತಿದ.

ಬಟಾಣಿ ಬಾಗಿಲ ಹತ್ತಿರವೇ ಕೂತಿದ್ದಳು. ಮುಖ ಕೆಂಪಾಗಿತ್ತು, ಕೂದಲು ಬೆವರಿಗೆ ಹಣೆಗಂಟಿತ್ತು, ಮೂಗು ಬಾಯಿ ಒಂದಾಗಿತ್ತು. ಅಪ್ಪನನ್ನು ಕಂಡದ್ದೇ ಇನ್ನೂ ಜೋರಾಗಿ ಅಳು ಶುರುಮಾಡಿದಳು. ಆ ಅಳುವಿನಷ್ಟು ಹಿತವಾದ ಸದ್ದನ್ನು ಅಜ್ಜಿ ಜನ್ಮದಲ್ಲಿ ಕೇಳಿರಲಿಲ್ಲ. ಅಳಿಯ ಅವತ್ತು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಹೊರಗಿನ ನಲ್ಲಿಗೆ ಓಡಿ, ಮುಖ ಕತ್ತು ಒದ್ದೆ ಮಾಡಿ, ಬೊಗಸೆಯಲ್ಲಿ ನೀರು ಕುಡಿಸಿದ. ಮಗು ನೀರು ಕುಡಿದು ಬಿಕ್ಕಳಿಸಿತು, ಮತ್ತೆ ಕುಡಿಯಿತು. ಅಷ್ಟಾದ ಮೇಲೂ ಚಪ್ಪಲಿ ಅಂಗಡಿಯವನಿಗೆ ಸಮಾಧಾನವಿಲ್ಲ.

"ಪೊಲೀಸರು ಬರೋವರೆಗೂ ಇವನನ್ನ ಬಿಡಬಾರದು."

ಅಜ್ಜಿ ಸುಮ್ಮನಿದ್ದರೆ ಸಾಕಿತ್ತು. ಊರೇ ಮುಂದೆ ನಿಂತು ಅವಳ ತಪ್ಪನ್ನು ಹೊರಲು ಒಂದು ಬೆನ್ನು ತೋರಿಸುತ್ತಿತ್ತು. ಬಾಯಿ ಬಿಟ್ಟರೆ ಮಗು ಅವಳ ಹತ್ತಿರವೂ ಉಳಿಯದೆ ಹೋಗಬಹುದು, ಅದೂ ಅವಳಿಗೆ ಗೊತ್ತಿತ್ತು.

"ಅವನು ಏನೂ ಮಾಡಿಲ್ಲ. ಬೀಗ ಹಾಕ್ಕೊಂಡು ಹೋದೋಳು ನಾನು" ಎಂದಳು ಅಜ್ಜಿ.

"ಏನಂದ್ರಿ?" ಎಂದಳು ಔಷಧಿ ಅಂಗಡಿಯವಳು.

"ಮಗು ಒಳಗೆ ಮಲಗಿತ್ತು. ನಾನು ಮರೆತೆ. ಕೇಳಿಸ್ಲಿಲ್ವಾ, ಮರೆತುಹೋದೆ. ನಿನ್ನ ಫೋನಿಗೆ ಸರಿಯಾಗಿ ಬೀಳಲಿಲ್ಲ ಅಂದ್ರೆ ಇನ್ನೊಂದ್ಸಲ ಹೇಳ್ತೀನಿ."

ಔಷಧಿ ಅಂಗಡಿಯವಳು ಫೋನ್ ಕೆಳಗಿಳಿಸಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಯಸ್ಸಾಯ್ತು ಪಾಪ, ಯಾರಿಗಾದರೂ ಆಗುತ್ತೆ, ನಿದ್ದೆ ಇರಲಿಲ್ಲವೇನೋ ಎಂದು ಒಬ್ಬೊಬ್ಬರೇ ಗೊಣಗಿದರು. ಅಳಿಯನಿಗೆ ಎರಡು ತಿಂಗಳಲ್ಲಿ ಒಂದು ಸಲವೂ ಸಿಗದ "ಪಾಪ" ಅಜ್ಜಿಗೆ ಕೇಳದೆಯೇ ಸಿಕ್ಕಿತು. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅಳಿಯ ಮಗುವನ್ನೆತ್ತಿಕೊಂಡು ಬಂದು ಎದುರಿಗೆ ನಿಂತ. ಅಜ್ಜಿಗೆ ತಲೆ ಎತ್ತಲಾಗಲಿಲ್ಲ. ಅವನು ಏನು ಅಂದರೂ ಅನ್ನಿಸಿಕೊಳ್ಳಬೇಕು ಎಂದು ಕಾದಳು.

"ತಗೊಳ್ಳಿ ಅತ್ತೆ" ಎಂದು ಅವನು ಬಟಾಣಿಯನ್ನು ಅವಳ ಮಡಿಲಲ್ಲಿ ಕೂರಿಸಿದ. "ಸ್ವಲ್ಪ ಹೊತ್ತು ಎತ್ಕೊಂಡಿರಿ. ಈಗ ಎತ್ಕೊಳ್ಳದೆ ಹೋದ್ರೆ ಆಮೇಲೆ ಕೈ ಬರಲ್ಲ. ನಂಗೊತ್ತು."

ಅಜ್ಜಿ ಮಗುವನ್ನು ಅವುಚಿಕೊಂಡು ಬೀದಿಯ ಮಧ್ಯೆ ಗೊಳೋ ಎಂದು ಅತ್ತಳು. ಅಳಿಯ ಪಕ್ಕದಲ್ಲಿ ಕೂತು ಒದ್ದೆ ಕೈಯಿಂದ ತನ್ನ ಕಣ್ಣೂ ಒರೆಸಿಕೊಂಡ. ನಾಟಕ ಮುಗಿದಂತೆ ಜನ ಕರಗಿದರು.

ಅಧಿಕಾರಿ ಬಂದಾಗ ಮೂವರೂ ಫ್ಯಾನಿನ ಕೆಳಗೆ ಕೂತಿದ್ದರು. ಆಕೆ ಕನ್ನಡಕದ, ಮಿತಭಾಷಿ ಹೆಂಗಸು. ಕುರ್ಚಿ ಎಳೆದುಕೊಂಡು ನೇರವಾಗಿ ಕೇಳಿದಳು, "ಮಗು ಅಪ್ಪನ ಜೊತೆ ಇರಬಹುದಾ? ನಿಮಗೆ ಏನನ್ಸುತ್ತೆ?"

ಅಜ್ಜಿ ಬೆಳಿಗ್ಗೆಯಿಂದ ತಿದ್ದಿ ಇಟ್ಟುಕೊಂಡಿದ್ದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ. ಹೋಟೆಲು, ಗಾಡಿ, ಬೀಗ, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಅಧಿಕಾರಿ ಅದನ್ನೆಲ್ಲ ಬರೆದುಕೊಂಡಳು.

"ಇದನ್ನ ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ" ಎಂದಳು ಕೊನೆಗೆ.

"ನಂಗೆ ಗೊತ್ತಿರ್ತಿತ್ತಲ್ಲ. ಇನ್ನೊಂದು ಮಾತು. ನಾನು ಹೀಗೆ ಮಾಡಿದ ಮೇಲೂ ಇವನು ಮಗೂನ ನನ್ನ ಮಡಿಲಿಗೇ ಹಾಕಿದ. ಎರಡು ತಿಂಗಳಿಂದ ನಾನು ಒಂದು ದಿನಾನೂ ಇವನ ಕೈಗೆ ಹಾಗೆ ಕೊಟ್ಟಿಲ್ಲ. ಮಗು ಅಪ್ಪ ಅಮ್ಮನ ಮನೆಗೆ ಹೋಗಲಿ. ನಾನಿರಬೇಕು ಅಂದ್ರೆ ಇರ್ತೀನಿ, ದೂರ ಇರು ಅಂದ್ರೆ ದೂರ ಇರ್ತೀನಿ."

"ದೂರ ಯಾಕೆ?" ಎಂದ ಅಳಿಯ. ಅಧಿಕಾರಿಯ ಮುಂದೆ ಅವನು ಬಾಯಿಬಿಟ್ಟದ್ದು ಅದೇ ಮೊದಲು. "ನಾನು ಕೆಲಸಕ್ಕೆ ಹೋಗೋವಾಗ ಇಲ್ಲೇ ಬಿಡ್ತೀನಿ. ನಾನು ಬಿಟ್ಟೆ ಅಂತ ಇವಳ ಅಮ್ಮಂಗೆ ಫೋನ್ ಮಾಡ್ತೀನಿ. ನನ್ನ ಫೋನ್ ಬರದಿದ್ರೆ ಅವಳು ಮಾಡ್ತಾಳೆ. ಅತ್ತೆ ಹೊರಗೆ ಹೊರಟಾಗ ನಂಗೆ ಮಾಡ್ಲಿ. ಒಬ್ಬರ ತಲೆ ಕೈಕೊಟ್ರೆ ಇನ್ನೊಬ್ಬರದು ಇರುತ್ತಲ್ಲ."

ಅಧಿಕಾರಿ ಅವನನ್ನೂ ಅಜ್ಜಿಯನ್ನೂ ನೋಡಿದಳು, ಮಗುವನ್ನು ನೋಡಿದಳು. ಬಟಾಣಿ ಆಕೆಯ ಪೆನ್ನಿಗೆ ಆಗಲೇ ಕೈ ಚಾಚಿದ್ದಳು. "ಆಗಲಿ" ಎಂದಳು. "ಇವತ್ತೇ ಮನೆಗೆ ಕರ್ಕೊಂಡು ಹೋಗಿ. ನಾನು ತಿಂಗಳಿಗೊಮ್ಮೆ ಬಂದು ನೋಡ್ತೀನಿ, ಇಬ್ಬರನ್ನೂ."

ಆಕೆ ಹೋದ ಮೇಲೆ ಅಜ್ಜಿ ಎದ್ದು ಸೀರೆ ಕೊಡವಿಕೊಂಡಳು. "ನನ್ನ ಗಾಡಿ ಹೋಟೆಲಿನ ಬಾಗಿಲಲ್ಲಿ ಬಿದ್ದಿದೆ, ತರ್ತೀನಿ. ಅಷ್ಟರಲ್ಲಿ ನೀನು ಅವಳಮ್ಮಂಗೆ ಫೋನ್ ಮಾಡು, ಬೆಳಿಗ್ಗೆಯಿಂದ ಜೀವ ಕೈಯಲ್ಲಿ ಹಿಡ್ಕೊಂಡಿರ್ತಾಳೆ" ಎಂದಳು ಅಳಿಯನಿಗೆ. ಮಗುವನ್ನು ಅವನ ತೋಳಿಗೆ ಕೊಟ್ಟು, ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿ, ಮೆಟ್ಟಿಲಿಳಿದಳು.

ಔಷಧಿ ಅಂಗಡಿಯವಳು ಕತ್ತು ಉದ್ದ ಮಾಡಿ ಕೇಳಿದಳು, "ಎಲ್ಲಿಗಜ್ಜಿ? ಮಗೂನ ಯಾರ ಹತ್ತಿರ ಬಿಟ್ರಿ?"

"ಅವರಪ್ಪನ ಹತ್ತಿರ" ಎಂದಳು ಅಜ್ಜಿ, ಎದುರಿನ ಚಪ್ಪಲಿ ಅಂಗಡಿಗೂ ಕೇಳಿಸುವ ಹಾಗೆ, ಮತ್ತೆ ಗಾಡಿ ತರಲು ಹೊರಟಳು.